ಒಂದು ಲೀಟರ್ ಆಸಿಡ್‌ನ ತೂಕ

ನನ್ನ ಲೆಕ್ಕದ ತಪ್ಪಿಗೆ ಬೆಲೆ ತೆತ್ತವರು ಬೆಂಗ್ರೆಯ ಮೀನುಗಾರ ಉಮೇಶಣ್ಣ. ಬಲಗೈಯ ನಾಲ್ಕು ಬೆರಳು ಹೋದವು. ಶೇಕಡಾ ಎಂಬುದನ್ನು ನಾನು ಲೀಟರಿನಲ್ಲಿ ಅಳೆದದ್ದೇ ಕಾರಣ.

ಹತ್ತು ವರ್ಷದ ಹಿಂದೆ ಉರ್ವದಲ್ಲಿ ನನ್ನದು ಬ್ಯಾಟರಿ ಅಂಗಡಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಚೌಕಾಸಿಯಲ್ಲಿ ಮಾತ್ರ ಯಾರಿಗೂ ಸೋತವನಲ್ಲ. ಬ್ಯಾಟರಿಗೆ ಹಾಕುವ ತೆಳು ಆಸಿಡ್ಡನ್ನು ಸಿದ್ಧವಾಗಿ ಕೊಳ್ಳುವ ಬದಲು ಶೇಕಡಾ 98ರ ಗಟ್ಟಿ ಸಲ್ಫ್ಯೂರಿಕ್ ಆಸಿಡ್ ತರಿಸಿ ನಾನೇ ಬೆರೆಸಿದರೆ ಅಗ್ಗ ಎಂದು ಹೊರಟೆ. ಬೇಕಾದದ್ದು ಶೇಕಡಾ 37. ಅರವತ್ತಮೂರು ಲೀಟರ್ ನೀರಿಗೆ ಮೂವತ್ತೇಳು ಲೀಟರ್ ಆಸಿಡ್ ನಿಧಾನವಾಗಿ ಹೊಯ್ದೆ. ತಣಿದ ಮೇಲೆ ಹೈಡ್ರೋಮೀಟರ್ ಇಳಿಸಿದೆ. ದ್ರಾವಣದ ಸಾಂದ್ರತೆ ಹೆಚ್ಚಿದಷ್ಟೂ ಮೇಲೆ ತೇಲುವ ಗಾಜಿನ ಕೊಳವೆ ಅದು. 1.27 ತೋರಿಸಬೇಕಾದಲ್ಲಿ 1.40 ತೋರಿಸಿತು. ಹೆದರಬೇಕಿತ್ತು, ಮಾಲು ಜೋರಾಗಿದೆ ಎಂದು ಹಿಗ್ಗಿದೆ.

ಬೋಟಿನವರಿಗೂ ಅದೇ ಬೇಕಿತ್ತು. ಉಮೇಶಣ್ಣನ ಬೋಟು ನಡೆಸುತ್ತಿದ್ದ ಅವರ ಭಾವಮೈದುನ ಹರೀಶ, "ನಿಮ್ಮ ಆಸಿಡ್ ಭಾರೀ ಸ್ಟ್ರಾಂಗ್ ಉಂಟು ಮಾರಾಯ್ರೆ," ಎಂದು ಎರಡು ಬ್ಯಾಟರಿಗೂ ತುಂಬಿಸಿಕೊಂಡು ಹೋದ.

ಅಷ್ಟು ಗಟ್ಟಿ ಆಸಿಡ್ ಒಳಗಿನ ಪ್ಲೇಟುಗಳನ್ನೇ ತಿನ್ನುತ್ತದೆ. ಐದು ತಿಂಗಳಾದ ಮೇಲೆ ಒಂದು ಮಧ್ಯಾಹ್ನ, ದಡದಿಂದ ಬಹಳ ದೂರದಲ್ಲಿ, ಬಲೆ ಎಳೆಯುವ ವಿಂಚಿನ ಹಗ್ಗಕ್ಕೆ ಉಮೇಶಣ್ಣನ ಕೈ ಸಿಕ್ಕಿತು. ಬಿಡಿಸಲು ಇಂಜಿನ್ ನಿಲ್ಲಿಸಿದರು. ಮತ್ತೆ ಅದು ಸ್ಟಾರ್ಟ್ ಆಗಲಿಲ್ಲ. ಬ್ಯಾಟರಿಗಳು ಸತ್ತಿದ್ದವು, ಅವುಗಳಿಂದ ನಡೆಯುವ ವೈರ್‌ಲೆಸ್ಸೂ ಸತ್ತಿತ್ತು. ಬೇರೆ ಬೋಟು ಕಂಡು, ಕಟ್ಟಿ ಎಳೆದು ತರುವಾಗ ಹದಿನಾಲ್ಕು ಗಂಟೆ ಕಳೆದಿತ್ತು. ಬೇಗ ಬಂದಿದ್ದರೆ ಬೆರಳು ಉಳಿಸಬಹುದಿತ್ತು ಎಂದರಂತೆ ಡಾಕ್ಟರು.

ಹರೀಶ ಸತ್ತ ಬ್ಯಾಟರಿಯನ್ನು ಹೊತ್ತು ತಂದು ಕೌಂಟರಿನ ಮೇಲಿಟ್ಟ. ಸರಿಯಾಗಿ ಚಾರ್ಜ್ ಮಾಡಿರಲಿಕ್ಕಿಲ್ಲ ಎಂದು ತಪ್ಪನ್ನು ಅವನ ತಲೆಗೇ ಕಟ್ಟಲು ನೋಡಿದೆ. ಅವನು ಹೈಡ್ರೋಮೀಟರನ್ನು ನನ್ನ ಕೈಗೆ ಕೊಟ್ಟ. ಚಾರ್ಜ್ ಇಳಿದಂತೆ ಆಸಿಡ್ ತೆಳುವಾಗಿ ಅಂಕವೂ ಇಳಿಯಬೇಕು, ಆದರೆ ಖಾಲಿ ಬ್ಯಾಟರಿಯಲ್ಲೂ ಅದು 1.27 ತೋರಿಸಿತು.

"ನಿಮ್ಮ ಗಾಜು ಫುಲ್ ಚಾರ್ಜ್ ಅಂತ ಹೇಳ್ತದೆ. ಮತ್ತೆ ಇಂಜಿನ್ ಎಂತಕ್ಕೆ ಎತ್ತಲಿಲ್ಲ?"

ಅವನೆದುರೇ ಒಂದು ಲೀಟರ್ ಗಟ್ಟಿ ಆಸಿಡ್ ತಕ್ಕಡಿಗಿಟ್ಟೆ. ಜಾರಿನ ತೂಕ ಕಳೆದು 1,840 ಗ್ರಾಂ. ಶೇಕಡಾ 37 ಎಂದರೆ ನೂರು ಕಿಲೋ ದ್ರಾವಣದಲ್ಲಿ ಮೂವತ್ತೇಳು ಕಿಲೋ ಆಸಿಡ್. ಅದಕ್ಕೆ ಇಪ್ಪತ್ತು ಲೀಟರ್ ಚಿಲ್ಲರೆ ಸಾಕಿತ್ತು. ನಾನು ಮಾರಿದ್ದು ಶೇಕಡಾ 51.

"ಇದನ್ನು ಮೊದಲೇ ತೂಗ್ಲಿಕ್ಕೆ ಎಂತ ಆಗಿತ್ತು ನಿಮಗೆ?" ಎಂದ ಹರೀಶ.

ಮಾರಿದ್ದನ್ನೆಲ್ಲ ವಾಪಸು ತರಿಸಿದೆ, ಬ್ಯಾಟರಿಗಳನ್ನು ಬದಲಿಸಿಕೊಟ್ಟೆ. ಉಮೇಶಣ್ಣ ಮತ್ತೆ ಬಲೆಗೆ ಹೋಗಲಿಲ್ಲ.

ಕ್ಯಾನಿನ ಮೇಲೆ ಶೇಕಡಾ ಕಂಡರೆ ಅದು ತೂಕದ್ದೋ ಲೀಟರ್ ಅಳತೆಯದ್ದೋ ಎಂದು ಮೊದಲು ಕೇಳಿ. ಸಾಂದ್ರತೆ ಎಷ್ಟೆಂದು ನೋಡಿ. ಒಂದು ಲೀಟರ್ ಎಷ್ಟು ಕಿಲೋ ಎಂದು ಅದೇ ಹೇಳುತ್ತದೆ. ದರದಲ್ಲಿ ಬೇಕಾದಷ್ಟು ಚೌಕಾಸಿ ಮಾಡಿ. ಆದರೆ ಮಾರುವವನು ಸ್ಟ್ರಾಂಗ್ ಉಂಟು ಎಂದಷ್ಟೇ ಹೇಳಿದರೆ, ಕ್ಯಾನನ್ನು ಅಲ್ಲೇ ಇಟ್ಟು ಬನ್ನಿ.