ಜಂಬಮ್ಮ ಕಟ್ಟಿದ ಗುಡ್ಡ

ಮಸ್ಕಿಯ ಜಂಬಮ್ಮನ ಕೈಗೆ ಹಿಡಿ ಮಣ್ಣು ಸಿಕ್ಕರೆ ಸಾಕು, ಅದು ಎತ್ತಾಗಿ ಎದ್ದು ನಿಲ್ಲುತ್ತಿತ್ತು. ಮಣ್ಣೆತ್ತಿನ ಅಮಾವಾಸ್ಯೆಗೆ ಓಣಿಗೆಲ್ಲ ಅವಳ ಎತ್ತೇ. ಆದರೆ ಅಮಾವಾಸ್ಯೆ ವರ್ಷಕ್ಕೊಂದು ದಿನ, ಹೊಟ್ಟೆಗೆ ದಿನಾಲೂ ಬೇಕಲ್ಲ! ಗಂಡ ಪಕೀರಪ್ಪ ತೀರಿಕೊಂಡ ಮೇಲೆ ಭತ್ತದ ನಾಟಿಗೆ ಹೋದಳು, ಗಾರೆಯವರ ಕೈಕೆಳಗೆ ಕಲ್ಲು ಹೊತ್ತಳು. ಐವತ್ತು ದಾಟಿದರೂ ಅವಳ ಕೈಕೆಲಸವನ್ನು ಯಾರೂ ನಿಂತು ನೋಡಿರಲಿಲ್ಲ. ಪೂಜೆ ಮುಗಿದ ಎತ್ತನ್ನು ಹಳ್ಳಕ್ಕೆ ಬಿಡುವ ಮಂದಿ ಮಾಡಿದವಳ ಹೆಸರನ್ನು ಯಾಕೆ ಕೇಳುತ್ತಾರೆ? ಅದೊಂದು ಸಂಕಟ ಅವಳಿಗಿತ್ತು.

ಹೀಗಿರುವಾಗ ಜವಳಗೇರಾದ ಭತ್ತದ ವ್ಯಾಪಾರಿ ವೀರೇಂದ್ರ ಹೇಳಿ ಕಳಿಸಿದ. ಸಿಂಧನೂರಿಗೆ ನಿಜವಾದ ರೈಲು ಬಂದಾಗಿನಿಂದ ಈ ಸಾಹುಕಾರನಿಗೆ ರೈಲಿನ ಹುಚ್ಚು. ಹಳೇ ಮನೆ ಕೆಡವಿ ಬಂಗಲೆ ಕಟ್ಟಿಸಿ, ಹಿತ್ತಲನ್ನು ತೋಟ ಮಾಡಿ, ಅದರ ತುಂಬ ಗೇಣೆತ್ತರದ ರೈಲಿಗೆ ಹಳಿ ಹಾಕಿಸಿದ್ದ. ಆ ರೈಲು ಸುತ್ತಲು ಒಂದು ಗುಡ್ಡ ಬೇಕು, ಗುಡ್ಡದಿಂದ ನೀರು ಧುಮುಕಬೇಕು, ಕೆಳಗೊಂದು ಕೆರೆ ತುಂಬಬೇಕು.

"ಮೊಮ್ಮಗಳು ರಾಜಶ್ರೀ ಹುಟ್ಟಿದ ದಿನಕ್ಕ ಮುಗಿಬೇಕು ನೋಡು ಜಂಬಮ್ಮ," ಎಂದ. "ಸಿಂಧನೂರು, ಲಿಂಗಸುಗೂರಿಂದೆಲ್ಲ ಮಂದಿ ಬರ್ತಾರ. ಇದನ್ನ ಮಾಡಿದಾಕಿ ಈಕಿನ ಅಂತ ಎಲ್ಲಾರ ಮುಂದ ನಿನ್ನ ನಿಲ್ಲಸ್ತೀನಿ."

ಆ ಒಂದು ಮಾತಿಗೆ ಜಂಬಮ್ಮ ಸೋತುಹೋದಳು.

ಮಸ್ಕಿ ಕಡೆಯಿಂದಲೇ ಕಲ್ಲು ತರಿಸಿ, ತನ್ನೂರಿನ ಗುಡ್ಡವನ್ನೇ ಎದೆಯೆತ್ತರಕ್ಕೆ ಎಬ್ಬಿಸಿದಳು. ನೀರು ಒಂದೇ ಸಮ ಸುರಿದರೆ ನಳ ಬಿಟ್ಟಂತೆ ಕಂಡೀತೆಂದು ಮೂರು ಚಪ್ಪಡಿಗಳನ್ನು ಓರೆಯಾಗಿಟ್ಟು, ಅದು ತಡೆದು ತಡೆದು ಇಳಿಯುವಂತೆ ಮಾಡಿದಳು. ಸಣ್ಣ ಮೋಟಾರೊಂದು ಕೆರೆಯ ನೀರನ್ನು ಮತ್ತೆ ನೆತ್ತಿಗೆ ಏರಿಸುತ್ತಿತ್ತು. ದಂಡೆಗೆ ಪಾಚಿ ಕೂರಿಸಿ ಭತ್ತದ ಗದ್ದೆ ಮಾಡಿ, ಹೆಬ್ಬೆರಳಷ್ಟು ಮಣ್ಣೆತ್ತುಗಳನ್ನು ಸುಟ್ಟು ನೀರಂಚಿಗೆ ನಿಲ್ಲಿಸಿದಳು.

ಎಲ್ಲ ಸರಿ, ಕೆರೆ ಮಾತ್ರ ನೀರು ಹಿಡಿಯಲೊಲ್ಲದು. ಸಂಜೆ ತುಂಬಿದ್ದು ಬೆಳಿಗ್ಗೆ ನಾಲ್ಕು ಬೆರಳು ಇಳಿದಿರುತ್ತಿತ್ತು. ಸಿಮೆಂಟು ಬಳಿದಳು, ತಾಡಪಾಲು ಹಾಸಿ ಅದರ ಮೇಲೆ ಜಿಗುಟು ಮಣ್ಣು ಮೆತ್ತಿದಳು. ಮತ್ತೂ ಇಳಿಯಿತು. ಸುತ್ತಲ ನೆಲ ಮಾತ್ರ ಒಣಗಿಯೇ ಇತ್ತು. ಹಾಗಾದರೆ ಇಷ್ಟು ನೀರು ಹೋಗುವುದೆಲ್ಲಿಗೆ? ಒಂದು ದಿನ ದಂಡೆಯ ಕಲ್ಲು ಕೂರಿಸಲು ಸುತ್ತಿಗೆಯಿಂದ ನೆಲ ಬಡಿದಳು. ಖಾಲಿ ಗಡಿಗೆ ಬಡಿದಂತೆ ಸದ್ದು ಬಂತು. ಮಣ್ಣಿನಲ್ಲೇ ಬದುಕಿದವಳಿಗೆ ಬೇರೆ ಹೇಳಬೇಕೇ? ಅಡಿಯಲ್ಲಿ ಹಳೇ ಹಗೇವು ಇದೆಯೆಂದು ಸಾಹುಕಾರನಿಗೆ ಹೋಗಿ ಹೇಳಿದಳು.

ಕಾಲುವೆ ಬರುವ ಮೊದಲು ಈ ಸೀಮೆಯಲ್ಲೆಲ್ಲ ಜೋಳ. ನೆಲದೊಳಗೆ ಎರಡಾಳು ಆಳದ ಹಗೇವು ತೋಡಿ, ಜೋಳ ಸುರಿದು, ಬಾಯಿಗೆ ಚಪ್ಪಡಿ ಮುಚ್ಚಿ, ಮೇಲೆ ಮಣ್ಣೆಳೆಯುತ್ತಿದ್ದರು. ಕಾಲುವೆ ನೀರಿಗೆ ನೆಲ ಹಸಿಯಾಯಿತು, ಹಗೇವು ಕೆಟ್ಟವು, ಜನ ಮರೆತರು. ಆದರೆ ಜನ ಮರೆತರೆ ಗುಂಡಿ ತುಂಬುತ್ತದೆಯೇ?

"ಹಗೇವು ಇದ್ದಿದ್ರ ನನಗ ಗೊತ್ತಿರ್ತಿದ್ದಿಲ್ಲೇನು, ಹುಚ್ಚಿ!" ಎಂದು ವೀರೇಂದ್ರ ನಕ್ಕ. "ಬೇಕಾದ್ರ ನಮ್ಮವ್ವನ್ನ ಕೇಳು."

ಅವನ ತಾಯಿ ಅಮರೇಶ್ವರಿ ಎಂಬತ್ತೈದರ ಮುದುಕಿ; ಹಣೆಗೆ ವಿಭೂತಿ ಹಚ್ಚಿಕೊಳ್ಳುತ್ತಿದ್ದಳು.

"ಅಮ್ಮಾರ, ಈ ಹಿತ್ತಲದಾಗ ಹಗೇವು ಇತ್ತೇನ್ರಿ?"

ಮುದುಕಿಯ ಕೈ ಹಣೆಯ ಮೇಲೆಯೇ ನಿಂತಿತು. "ಹಗೇವೂ ಇಲ್ಲ ಗಿಗೇವೂ ಇಲ್ಲ. ನಿನಗ್ಯಾಕ ಬೇಕು ಆ ಉಸಾಬರಿ?"

ಹಗೇವಿನ ಬಾಯಿ ಎಲ್ಲಿದೆಯೆಂದು ಹೊರಗಿನವರಿಗೆ ಹೇಳುವ ಪದ್ಧತಿ ಆ ಕಾಲದವರಿಗಿಲ್ಲ. ರಜಾಕಾರರು ಲೂಟಿಗೆ ಬಂದಾಗಲೂ, ಕಡ್ಡಾಯದ ಲೆವಿ ಜೋಳ ವಸೂಲಿಗೆ ಸರಕಾರದವರು ಬಂದಾಗಲೂ ಮನೆ ಉಳಿಸಿದ್ದು ಆ ಗುಟ್ಟೇ. ಅತ್ತೆ ಸೊಸೆಯ ಕಿವಿಯಲ್ಲಿ ಹೇಳಬೇಕು, ಸೊಸೆ ನುಂಗಿಕೊಳ್ಳಬೇಕು. ಇದೆಲ್ಲ ಜಂಬಮ್ಮನಿಗೂ ಗೊತ್ತಿತ್ತು. ಮುದುಕಿಯ ಕೈ ನಿಂತದ್ದನ್ನು ಕಣ್ಣಾರೆ ಕಂಡಳು. ಕಂಡೂ ಸುಮ್ಮನಾದಳು. ಕೆದಕಿದರೆ ಗುಡ್ಡ ಕೆಡವಬೇಕು. ಕೆಡವಿದರೆ ಮಂದಿ ನೋಡುವುದೇನನ್ನು? ಥೂ, ಈ ಆಸೆಗೆ ಏನನ್ನಬೇಕು! ಇನ್ನೆರಡು ಪುಟ್ಟಿ ಮಣ್ಣು ತಂದು ಕೆರೆಯ ತಳಕ್ಕೆ ಮೆತ್ತಿದಳು.

ಹುಟ್ಟುಹಬ್ಬದ ಮಧ್ಯಾಹ್ನ ತೋಟದ ಅಂಚಿಗೆ ಹಾಕಿದ ಶಾಮಿಯಾನ ತುಂಬಿತ್ತು. ಆರು ವರ್ಷದ ರಾಜಶ್ರೀ ಕೆರೆಯ ದಂಡೆಯ ಕಲ್ಲು ಹತ್ತಿ ಗುಂಡಿ ಒತ್ತಿದಳು. ರೈಲು ಹೊರಟಿತು, ನೀರು ಧುಮುಕಿತು, ಚಪ್ಪಾಳೆಯೋ ಚಪ್ಪಾಳೆ.

"ಬಾ ಜಂಬಮ್ಮ, ಮುಂದ ಬಾ!" ಎಂದು ವೀರೇಂದ್ರ ಕೂಗಿದ.

ಜಂಬಮ್ಮ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. ಬಂದವಳ ಕಣ್ಣು ಕೆರೆಗೆ ಬಿತ್ತು. ನೀರು ಗಿರ್ರನೆ ಸುತ್ತುತ್ತಿತ್ತು. ದಂಡೆಯ ಎತ್ತೊಂದು ವಾಲಿ ಅದರೊಳಗೆ ಹೋಯಿತು, ಹಿಂದೆಯೇ ಇನ್ನೊಂದು.

"ಯವ್ವಾ, ಕೂಸು!" ಎಂದು ಚೀರಿ, ಹುಡುಗಿಯ ರಟ್ಟೆ ಹಿಡಿದು ಹಿಂದಕ್ಕೆಸೆದಳು. ಕಲ್ಲು ಕುಸಿಯಿತು. ಗುಡ್ಡ ಕುಂತಲ್ಲೇ ನೆಲದೊಳಗೆ ಇಳಿಯಿತು. ರೈಲು ತನ್ನ ಪಾಡಿಗೆ ಬಂದು ಡಬ್ಬಿಯ ಹಿಂದೆ ಡಬ್ಬಿಯಾಗಿ ಆ ಬಾಯಿಗೆ ಬಿತ್ತು. ಒಳಗಿನಿಂದ ಕೊಳೆತ ಜೋಳದ ಘಾಟು ಎದ್ದಿತು.

ಹುಡುಗಿ ಉಳಿದಳು. ಜಂಬಮ್ಮ ನೇರ ಮುದುಕಿಯ ಹತ್ತಿರ ಹೋದಳು. "ಅಮ್ಮಾರ, ನಾನೂ ಗೊತ್ತಿದ್ದು ಸುಮ್ಮನಿದ್ದೆ, ನಂದೂ ತಪ್ಪೈತ್ರಿ. ಈಗಾರ ಹೇಳ್ರಿ. ಈ ತೋಟದಾಗ ಇನ್ನೂ ಎಷ್ಟು ಹಗೇವು ಅದಾವ?"

ಅಮರೇಶ್ವರಿ ಹೊಂಡ ನೋಡಿದಳು, ಮುದ್ದಿನ ಮರಿಮೊಮ್ಮಗಳು ರಾಜಶ್ರೀಯನ್ನು ನೋಡಿದಳು, ಆಮೇಲೆ ಶಾಮಿಯಾನದ ಕಡೆ ನೋಡಿದಳು. ಜಂಬಮ್ಮನನ್ನು ಹತ್ತಿರ ಎಳೆದುಕೊಂಡು ಕಿವಿಯಲ್ಲಿ ಹೇಳಿದಳು: "ಹೇಳ್ತೀನಿ ತಡಿ. ಮೊದ್ಲು ಹೊರಗಿನ ಮಂದಿ ಹೋಗ್ಲಿ."

ಮಂದಿ ಹೋಗುವ ಲಕ್ಷಣವಿರಲಿಲ್ಲ. ಹೊಂಡ ನೋಡಲು ಮಕ್ಕಳನ್ನು ಎತ್ತಿಕೊಂಡು ಎಲ್ಲರೂ ತೋಟದೊಳಗೆ ಬರುತ್ತಿದ್ದರು.