ಕಂಪ್ಯೂಟರಿನೊಳಗೆ ನಾನು ಊದಿದ ವಿಭೂತಿ

ಕಂಪ್ಯೂಟರಿನ ಡಬ್ಬಿಯೊಳಗೆ ವಿಭೂತಿ ಊದಿದ್ದು ನಾನು. ನೀಲಮ್ಮತ್ತೆ ಅಲ್ಲ. ದೇವರ ಕೋಣೆಯಿಂದ ವಿಭೂತಿ ಗಟ್ಟಿ ಕದ್ದು, ಅಂಗೈಯಲ್ಲಿ ಪುಡಿ ಮಾಡಿ, ಡಬ್ಬಿಯ ಹಿಂದಿನ ತೂತುಗಳಿಗೆ ಬಾಯಿಟ್ಟು ಊದಿದೆ. ಅರ್ಧ ಪುಡಿ ನನ್ನ ಮುಖಕ್ಕೇ ವಾಪಸ್ ಬಂತು. ಕನ್ನಡಿಯಲ್ಲಿ ನೋಡಿದರೆ ಯಾವುದೋ ಮಠದ ಮರಿಸ್ವಾಮಿ ನಿಂತಂತಿತ್ತು — ನೋಡಿ, ಇಲ್ಲೂ ನಗಿಸಲು ಹೊರಟೆ. ಚಾಳಿ ಬಿಡುತ್ತಿಲ್ಲ. ಆ ಒಂದು ಸಲ ಊದಿದ್ದಕ್ಕೆ ಅತ್ತೆಗೆ ಸಿಗಬೇಕಾಗಿದ್ದ ಕೆಲಸ ತಪ್ಪಿತು. ಅದನ್ನು ನಗಿಸುವಂತೆ ಹೇಳಲು ನಾಲ್ಕು ವರ್ಷದಿಂದ ಹುಡುಕುತ್ತಿದ್ದೇನೆ, ಸಿಕ್ಕಿಲ್ಲ.

ನನಗಾಗ ಹದಿನೈದು. ಕೊಟ್ಟೂರಿನ ನಮ್ಮ ಓಣಿಗೆಲ್ಲ ಕಂಪ್ಯೂಟರ್ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಶೇಂಗಾ ವ್ಯಾಪಾರದ ಅಪ್ಪ, ಹೊಸಪೇಟೆಯಲ್ಲಿ ಯಾರೋ ಬಳಸಿ ಬಿಟ್ಟದ್ದನ್ನು ತಂದಿದ್ದ. ಫೋನಿನ ತಂತಿ ಚುಚ್ಚಿ ಇಂಟರ್ನೆಟ್ ಹಚ್ಚಿದರೆ, ಸಂತೆಯಲ್ಲಿ ಹತ್ತು ಕುರಿ ಒಟ್ಟಿಗೆ ಕಿರುಚಿದಂತೆ ಮೊದಲು ಒಂದು ಸದ್ದು. ಆಮೇಲೆ ಪುಟ ತೆರೆಯಬೇಕು. ಒಂದು ಫೋಟೋದಲ್ಲಿ ಮೊದಲು ಕೂದಲು ಬರುತ್ತಿತ್ತು, ಸ್ವಲ್ಪ ಹೊತ್ತಿಗೆ ಹಣೆ. ಮೂಗು ಬರುವಷ್ಟರಲ್ಲಿ ಕೂಡ್ಲಿಗಿಗೆ ಹೋಗಿ ಮಿರ್ಚಿ ಮಂಡಕ್ಕಿ ತಿಂದು ಬರಬಹುದಿತ್ತು. ಸರಿ, ಕೂಡ್ಲಿಗಿ ಹೆಚ್ಚಾಯಿತು. ನಮ್ಮೂರ ಬಸ್‌ಸ್ಟ್ಯಾಂಡಿಗೆ ಹೋಗಿ ಬರಬಹುದಿತ್ತು, ಅಷ್ಟು ನಿಜ.

ನೀಲಮ್ಮತ್ತೆ ಅಪ್ಪನ ತಂಗಿ. ಹರಪನಹಳ್ಳಿಯ ಗಂಡನ ಮನೆ ಬಿಟ್ಟು ಬಂದು ಎರಡು ವರ್ಷವಾಗಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರ ಹೊಸದಾಗಿ ಇಂಟರ್ನೆಟ್ ಅಂಗಡಿ ತೆರೆದಿದ್ದ ಒಬ್ಬ ಅಕ್ಕ ಅವಳಿಗೆ ಹೇಳಿದ್ದರು: "ದೀಪಾವಳಿಯೊಳಗ ಕಲ್ತು ಬಾರವ್ವ, ನಿನ್ನ ಕೆಲಸಕ್ಕ ಇಟ್ಕೊಂತೀನಿ." ಅದಕ್ಕೇ ಅತ್ತೆ ದಿನವೂ ಸಂಜೆ ನಾಲ್ಕರಿಂದ ಆರರವರೆಗೆ ಕೂತು ಕಲಿಯುತ್ತಿದ್ದಳು. ಕೂರುವ ಮುಂಚೆ ವಿಭೂತಿ ಗಟ್ಟಿಗೆ ಬೆರಳು ಒತ್ತಿ, ಡಬ್ಬಿಯ ನೆತ್ತಿಯ ಮೇಲೆ ಒಂದು ಗೆರೆ ಎಳೆಯುವಳು. ಒಂದೇ ಬೆರಳು, ಒಂದೇ ಗೆರೆ. ಹದಿನೈದು ದಿನದಲ್ಲಿ ಹಡಗಲಿಯ ಗೆಳತಿಗೆ ಒಂದು ಇಮೇಲ್ ಕೂಡ ಕಳಿಸಿದ್ದಳು.

ನಾಲ್ಕರಿಂದ ಆರು — ಆ ಹೊತ್ತು ನನಗೆ ಬೇಕಿತ್ತು. ಗೆಳೆಯರನ್ನು ಕರೆತಂದು ಮೆರೆಯಲು.

ಕಂಪ್ಯೂಟರ್ ಅಷ್ಟು ನಿಧಾನವಾದದ್ದೂ ನನ್ನಿಂದಲೇ. ಕಂಡದ್ದನ್ನೆಲ್ಲ ಒತ್ತಿ ಮೂರು ಟೂಲ್‌ಬಾರ್ ತುಂಬಿದ್ದೆ, ಎರಡು ಗೇಮು, ಜೊತೆಗೆ ಯಾರಿಗೂ ಕಾಣದಂತೆ ಹಿಂದೆ ಹಾಡು ಇಳಿಸುವ ಒಂದು ಸಾಫ್ಟ್‌ವೇರು. ಒಂದು ಹಾಡಿಗೆ ಮೂರು ದಿನ. ಅತ್ತೆ ಕೂತಾಗಲೂ ಅದು ಇಳಿಯುತ್ತಲೇ ಇರುತ್ತಿತ್ತು. ನಿಧಾನ ಯಾಕೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಒಂದು ಶನಿವಾರ ಅಪ್ಪನಿಗೆ ತಲೆಕೆಟ್ಟಿತು. "ಏನ್ಲೇ ಇದು, ಬಸವನಹುಳ ತೆವಳಿದಂಗ ತೆವಳತೈತಿ? ನಾಳಿ ಬಿಚ್ಚಿ ನೋಡು. ಏನೂ ಸಿಗಲಿಲ್ಲಂದ್ರ ಮಾರಿಬಿಡತೀನಿ."

ಏನಾದರೂ ಸಿಗಲೇಬೇಕಿತ್ತು. ಭಾನುವಾರ ಬೆಳಿಗ್ಗೆ ಅತ್ತೆ ಸ್ನಾನಕ್ಕೆ ಹೋದಾಗ ನಾನು ದೇವರ ಕೋಣೆಗೆ ಹೋದೆ — ಉಳಿದದ್ದು ಹೇಳಿದ್ದೇನೆ.

ಆಮೇಲೆ ಪಡಸಾಲೆಯಲ್ಲಿ ಎಲ್ಲರೆದುರು ಡಬ್ಬಿ ಬಿಚ್ಚಿದೆ. ಸ್ಕ್ರೂಗಳನ್ನು ಹಾಕಲು ಅವ್ವ ತಾಟು ಹಿಡಿದು ನಿಂತಿದ್ದಳು. "ಪೇಶೆಂಟ್ ಬದುಕತೈತೋ ಇಲ್ಲೋ ಡಾಕ್ಟ್ರ?" ಅಂದಳು. ಮುಚ್ಚಳ ತೆಗೆದೆ. ಒಳಗೆಲ್ಲ ಬೆಳ್ಳಗೆ.

"ಏ ಇವನ, ಹಿಟ್ಟಿನ ಗಿರಣಿ ಆಗೇತಲ್ಲೋ!" ಅಂದ ಅಪ್ಪ.

ಆಗ ನಾನು ಆ ಮಾತು ಹೇಳಿದೆ. "ಅತ್ತಿ ವಿಭೂತಿ ನೋಡಪ್ಪ. ಗಾಳಿ ಹೋಗಂಗಿಲ್ಲ, ಮಷಿನ್ ಕಾಯತೈತಿ, ಅದಕ್ಕ ಇಂಟರ್ನೆಟ್ ನಿಂತು ನಿಂತು ಬರತೈತಿ."

ಬಣ್ಣ ಹಚ್ಚುವ ಬ್ರಷ್ಷಿನಿಂದ ಒರೆಸಿ ಜೋಡಿಸಿದೆ. ಯಾರಿಗೂ ಕಾಣದಂತೆ ಹಾಡಿನ ಸಾಫ್ಟ್‌ವೇರು ನಿಲ್ಲಿಸಿ ಟೂಲ್‌ಬಾರುಗಳನ್ನು ತೆಗೆದೆ. ಪುಟ ತೆರೆಯಿತು — ಕೂದಲು, ಹಣೆ, ಮೂಗು, ಒಂದರ ಹಿಂದೆ ಒಂದು. "ನಮ್ಮ ಹುಡುಗ ಎಂಜಿನಿಯರ್ ಅದಾನ" ಅಂತ ಅಪ್ಪ ಬೆನ್ನು ತಟ್ಟಿದ.

ಅತ್ತೆ ಬಾಗಿಲ ಹತ್ತಿರ ನಿಂತಿದ್ದಳು. "ನಾ ಒಂದು ಬೆರಳಷ್ಟ ಹಚ್ಚತಿದ್ನಲ್ಲಪ್ಪ. ಇಷ್ಟು ಹೆಂಗ ಹೋತು?"

ನಾನು ಉತ್ತರಿಸಿದೆ. "ದಿನಾ ಹಚ್ಚಿದ್ರ ಒಳಗ ಕೂಡ್ಕೊಂತೈತಿ, ಅತ್ತಿ."

"ನಾ ಮುಟ್ಟಿದ್ದೆಲ್ಲಾ ಹಿಂಗ ಆಗತೈತಿ ಬಿಡು" ಅಂದಳು. ಗಂಡನ ಮನೆ ಬಿಟ್ಟು ಬಂದವಳ ಬಾಯಲ್ಲಿ ಆ ಮಾತಿನ ಅರ್ಥ ಅಪ್ಪನಿಗೆ ಗೊತ್ತಾಯಿತು, ಅವ್ವನಿಗೆ ಗೊತ್ತಾಯಿತು. ನನಗೂ. ಹದಿನೈದು ವರ್ಷದವನಿಗೆ ಗೊತ್ತಾಗಲಿಲ್ಲ ಅಂತ ಬರೆಯಬಹುದಿತ್ತು — ಗೊತ್ತಾಗಿತ್ತು.

ಆ ಸಂಜೆ ನಾಲ್ಕಕ್ಕೆ ಅವಳು ಬರಲಿಲ್ಲ. ಮರುದಿನವೂ ಇಲ್ಲ. ಆಮೇಲೆ ಎಂದೂ ಇಲ್ಲ.

ಇಷ್ಟೇ ಆಗಿದ್ದರೆ… ಇಷ್ಟೇ ಅಲ್ಲ. ದೀಪಾವಳಿ ಹತ್ತಿರ ಬಂದಾಗ ಅಂಗಡಿಯ ಅಕ್ಕ ಕೆಲಸಕ್ಕೆ ಬಾ ಎಂದು ಹೇಳಿಕಳಿಸಿದರು. "ನನಗ ಆಗಂಗಿಲ್ಲ ಅಂತ ಹೇಳಿ ಬಾ" ಎಂದು ಅತ್ತೆ ಕಳಿಸಿದ್ದು ನನ್ನನ್ನೇ. ಹೋದೆ. "ಯಾಕಪ್ಪ, ಚೊಲೊ ಕಲಿಯಾಕತ್ತಿದ್ಲಲ್ಲ?" ಎಂದರು ಅವರು. ಅಂಗಡಿ ತುಂಬ ಹುಡುಗರಿದ್ದರು. ಬಿಡುತ್ತೇನೆಯೇ? "ಅತ್ತಿ ಮುಟ್ಟಿದ್ರ ನಿಮ್ಮ ನಾಕೂ ಕಂಪ್ಯೂಟರ್ ಮಕ್ಕೊಂತಾವ್ರಿ" ಅಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆ ನಗು ನನಗೆ ಬಹಳ ಹಿಡಿಸಿತು. ಮನೆಗೆ ಬಂದು, "ಹೇಳಿದೆ ಅತ್ತಿ" ಎಂದಷ್ಟೇ ಅಂದೆ.

ವಿಭೂತಿ ಊದಿದ್ದಕ್ಕಿಂತ ಇದು ಹೆಚ್ಚು ಕೆಟ್ಟದ್ದು. ಊದಿದಾಗ ಕಂಪ್ಯೂಟರ್ ಉಳಿಸಿಕೊಳ್ಳುವ ಆಸೆ ಇತ್ತು. ಇಲ್ಲಿ ಬರೀ ನಗು.

ಈಗ ಅತ್ತೆ ಬೆಳಿಗ್ಗೆ ಐದಕ್ಕೆ ಎದ್ದು ಒಂದು ಖಾನಾವಳಿಗೆ ಜೋಳದ ರೊಟ್ಟಿ ಬಡಿದುಕೊಡುತ್ತಾಳೆ. ಆ ಕೆಲಸ ಕಡಿಮೆಯದೆಂದು ನಾನು ಹೇಳುತ್ತಿಲ್ಲ. ಅವಳು ಕಲಿಯಲು ಕೂತದ್ದು ಅದಕ್ಕಲ್ಲ, ಅಷ್ಟೇ.

ಕಾಲೇಜಿಗೆ ರಜೆ ಇದೆ, ಊರಿಗೆ ಬಂದಿದ್ದೇನೆ. ಇವತ್ತು ಬೆಳಿಗ್ಗೆ ಒಲೆಯ ಎದುರು ಕೂತು ಎಲ್ಲ ಹೇಳಿದೆ. ಗಟ್ಟಿ, ಊದಿದ್ದು, ಹಾಡು, ಅಂಗಡಿಯ ನಗು. ಒಂದನ್ನೂ ಉಬ್ಬಿಸಲಿಲ್ಲ. ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿರಲಿಲ್ಲ. ಕೊನೆಗೆ ನಿಲ್ಲಿಸಿ ಕೇಳಿದಳು:

"ಹಂಗಾರ, ನಾ ಸರಿಯಾಗೇ ಕಲಿಯಾಕತ್ತಿದ್ನೇನು?"

"ಹೂಂ ಅತ್ತಿ. ಸರಿಯಾಗೇ."

ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. ಬೈದಿದ್ದರೆ — ಬೈಯಲಿಲ್ಲ. "ಹೊರಗ ನಡಿ" ಎಂದಳು. ಎದ್ದು ಬಂದೆ. ಕ್ಷಮಿಸು ಎನ್ನುವ ಮಾತು ಬಾಯಿಗೆ ಬಂದಿತ್ತು, ಆಡಲಿಲ್ಲ. ಆಡಿದ್ದರೆ ಕ್ಷಮಿಸುವ ಭಾರವೂ ಅವಳ ಮೇಲೇ ಬೀಳುತ್ತಿತ್ತು.

ಎಲ್ಲರೆದುರು ಅಂದದ್ದನ್ನು ಅವಳೊಬ್ಬಳ ಕಿವಿಗೆ ಹೇಳಿ ಮುಗಿಸುವಂತಿಲ್ಲ. ಅಪ್ಪ ಸಂಜೆ ಬಸ್ಸಿಗೆ ಹಗರಿಬೊಮ್ಮನಹಳ್ಳಿಯಿಂದ ಬರುತ್ತಾನೆ. ಅವ್ವನನ್ನೂ ಕರೆದು ಪಡಸಾಲೆಯಲ್ಲಿ ಕೂರಿಸುತ್ತೇನೆ. ನಾಳೆ ಆ ಅಂಗಡಿಗೂ ಹೋಗುತ್ತೇನೆ, ಹುಡುಗರು ತುಂಬಿರುವ ಹೊತ್ತಿಗೇ. ಅತ್ತೆ ಪಡಸಾಲೆಗೆ ಬಂದು ನಿಲ್ಲುತ್ತಾಳೋ ಇಲ್ಲವೋ — ಕೇಳುವ ಧೈರ್ಯ ಆಗಿಲ್ಲ.