ಮೌನವಾದ ನಲವತ್ತು ನಿಮಿಷ

ಆಂಬುಲೆನ್ಸ್ ಕೇಂದ್ರದಲ್ಲಿ ಅವಳನ್ನು ಎಲ್ಲರೂ ತಂತಿಯಕ್ಕ ಎಂದೇ ಕರೆಯುತ್ತಿದ್ದರು. ಹೊರಗಿನ ಫೋನ್ ಜಾಲಕ್ಕೂ ಒಳಗಿನ ಫೋನುಗಳಿಗೂ ನಡುವೆ ಕಾವಲಿಗೆ ಕೂತ ಒಂದು ಪೆಟ್ಟಿಗೆಯ ಉಸ್ತುವಾರಿ ಹನ್ನೊಂದು ವರ್ಷ ಅವಳದೇ. ಆ ಪೆಟ್ಟಿಗೆಗೆ ಬರುವುದು ಒಂದೇ ಕೇಬಲ್ಲು. ಅದರೊಳಗೆ ನಂಬರು ಕೊಟ್ಟು ಬೇರೆ ಬೇರೆ ಹಾದಿ ಮಾಡಬೇಕು. ವಿಲ್ಯಾನ್ ಎನ್ನುತ್ತಾರೆ ಅದಕ್ಕೆ. ಕರೆಯ ಗಂಟೆ ನೂರಾ ಹತ್ತರಲ್ಲಿ, ಮಾತು ನೂರಾ ಇಪ್ಪತ್ತರಲ್ಲಿ. ಮಾತಿನ ನಂಬರು ತಪ್ಪಿತೋ, ಫೋನ್ ರಿಂಗಾಗುತ್ತದೆ, ಎತ್ತಿದರೆ ಮಾತೇ ಇಲ್ಲ.

ತಾಯಿಯ ಕಣ್ಣಿನ ಆಪರೇಷನ್ನಿಗೆಂದು ಅವಳು ರಜೆ ಹಾಕಿದ ದಿನ ಹಾಗೇ ಆಯಿತು. ವಿಭಾಗದ ಮುಖ್ಯಸ್ಥ ಫೋನ್ ಮಾಡಿ, "ನಿನ್ ಪಾಸ್‌ವರ್ಡ್ ಹೇಳಮ್ಮ, ಸುಮ್ನೆ ಒಂದ್ಸಲ ನೋಡ್ಬೇಕು" ಅಂದ. ನಂಬಿ ಹೇಳಿದಳು. ನೋಡಲು ಹೋದವನು ಕೈಯಾಡಿಸಿ ನೂರಾ ಇಪ್ಪತ್ತರ ಜಾಗದಲ್ಲಿ ನೂರಾ ಎರಡು ಒತ್ತಿದ. ನಲವತ್ತು ನಿಮಿಷ, ಕರೆ ಮಾಡಿದ ಜನ ಗೋಡೆಗೆ ಕೂಗಿಕೊಂಡಂತಾಯಿತು. ಒಬ್ಬಳು ಗರ್ಭಿಣಿ ಟ್ಯಾಕ್ಸಿಯ ಹಿಂದಿನ ಸೀಟಿನಲ್ಲೇ ಹೆತ್ತಳು. ತಾಯಿ ಮಗು ಉಳಿದದ್ದೇ ಪುಣ್ಯ.

ವಿಚಾರಣೆ ನಡೆಸಿದವನೂ ಅವನೇ. ಪೆಟ್ಟಿಗೆಯ ದಾಖಲೆಯದೆಂದು ಒಂದು ಹಾಳೆ ತೋರಿಸಿ, "ಅವಳ ಹೆಸರೇ ಇದೆ ನೋಡಿ, ಮನೆಯಿಂದ್ಲೇ ಕೈಯಾಡಿಸಿದ್ದಾಳೆ" ಅಂದ. ಯಾವ ಕಂಪ್ಯೂಟರಿನಿಂದ ಎಂಬ ಕಾಲಂ ಆ ಹಾಳೆಯಲ್ಲಿರಲಿಲ್ಲ. ಅದನ್ನು ಕೇಳಿದಳು, ಪಾಸ್‌ವರ್ಡ್ ಕೊಟ್ಟದ್ದನ್ನೂ ಹೇಳಿದಳು, ಯಾರೂ ಕಿವಿಗೊಡಲಿಲ್ಲ. ಅವಳನ್ನು ತೆಗೆದುಹಾಕಿದ ಪತ್ರ ನೋಟಿಸ್ ಬೋರ್ಡಿಗೂ ಏರಿತು.

ಮೂರು ವರ್ಷ ಅಂಗಡಿ, ಲಾಡ್ಜುಗಳ ಇಂಟರ್‌ಕಾಂ ರಿಪೇರಿ ಮಾಡಿದಳು. ಒಳಗಿನ ಕಿಚ್ಚು ಮಾತ್ರ ಆರಲಿಲ್ಲ.

"ಬಿಟ್ಬಿಡಿ ಅತ್ತಿಗೆ. ಮಾಡಿದ್ದುಣ್ಣೋ ಮಹಾರಾಯ ಅಂತಾರಲ್ಲ" ಎಂದಳು ನಾದಿನಿ.

"ಉಣ್ಲಿ. ಎದುರಿಗೆ ಕೂತು ನಾನೇ ಬಡಿಸ್ಬೇಕು."

ಕೇಂದ್ರಕ್ಕೆ ಹೊಸ ಪೆಟ್ಟಿಗೆ ಬಂತು. ಇಬ್ಬರು ಗುತ್ತಿಗೆದಾರರು ಬಂದು, ಅದನ್ನು ಹೊಂದಿಸಲಾಗದೆ ಕೈಚೆಲ್ಲಿ ಹೋದರು. ಹೊಸದಾಗಿ ಬಂದಿದ್ದ ನಿರ್ದೇಶಕಿ ತಂತಿಯಕ್ಕನಿಗೇ ಫೋನ್ ಮಾಡಿದಳು.

"ಬರ್ತೀನಿ ಮೇಡಂ. ಹಳೇ ಪೆಟ್ಟಿಗೇನ ಯಾರೂ ಮುಟ್ಬಾರ್ದು. ಟೈಪ್ ಮಾಡೋಕೆ ನಿಮ್ಮ ಮುಖ್ಯಸ್ಥರೇ ಕೂರ್ಬೇಕು. ನೀವೂ ಜೊತೇಲಿರ್ಬೇಕು."

ಏಸಿ ಗುಂಯ್‌ಗುಡುವ ಆ ತಣ್ಣನೆಯ ಕೋಣೆಯಲ್ಲೂ ಮುಖ್ಯಸ್ಥನ ಅಂಗಿ ಬೆನ್ನಿಗೆ ಅಂಟಿತ್ತು. ಅವಳು ಹಿಂದೆ ನಿಂತು ಹೇಳಿಸಿದಳು. "ಹಾದಿ ನೂರಾ ಹತ್ತು. ಐಪಿ ವಿಳಾಸ. ಗೇಟ್‌ವೇ. ಈಗ ನೂರಾ ಇಪ್ಪತ್ತು. ನಿಧಾನ ಸಾರ್, ನಿಮ್ಗೆ ಬೆರಳು ಜಾರೋ ಅಭ್ಯಾಸ."

ಪರೀಕ್ಷೆಯ ಕರೆ ಬಂತು. ಎರಡೂ ಕಡೆ ಮಾತು ಸ್ವಚ್ಛ.

"ಈಗ ಹಳೇ ಪೆಟ್ಟಿಗೆಯ ದಾಖಲೆ ತೆಗೀರಿ. ನನ್ನನ್ನ ಕಳ್ಸೋಕೆ ಕಾರಣವಾದ ತಾರೀಖು."

"ಅದೆಲ್ಲ ಈಗ್ಯಾಕೆ?"

"ತೆಗೀರಿ" ಎಂದಳು ನಿರ್ದೇಶಕಿ.

ಸಾಲು ಮೂಡಿತು: ನೂರಾ ಎರಡು, ತಂತಿಯಕ್ಕನ ಹೆಸರು, ಪಕ್ಕದಲ್ಲಿ ಕಂಪ್ಯೂಟರಿನ ವಿಳಾಸ.

"ಜೋರಾಗಿ ಓದಿ ಸಾರ್. ಯಾರ ಟೇಬಲ್ ಮೇಲಿಂದು ಅಂತಾನೂ ಹೇಳಿ."

ಎರಡು ಸಲ ಅವನು ವಿಳಾಸದವರೆಗೆ ಓದಿ ನಿಲ್ಲಿಸಿದ. ಎರಡು ಸಲವೂ ಮೊದಲಿಂದ ಓದಿಸಿದಳು. "ನನ್ನದು" ಎಂದು ಬಾಯಿಬಿಡುವವರೆಗೆ ಬಿಡಲಿಲ್ಲ.

ಕಾರಿಡಾರಿನಲ್ಲಿ ಅಡ್ಡ ನಿಂತು ಕೈಮುಗಿದ. "ನಂಗೂ ಸಂಸಾರ ಇದೆಯಮ್ಮ."

"ನಂಗೂ ಇತ್ತು. ಆವತ್ತು ಕೇಳಿದ್ರಾ?"

ವಾರದೊಳಗೆ ಅವನ ಕೆಲಸ ಹೋಯಿತು. ಅವಳ ತಪ್ಪಿರಲಿಲ್ಲವೆಂಬ ಪತ್ರವನ್ನು ಅದೇ ನೋಟಿಸ್ ಬೋರ್ಡಿಗೆ ಹಾಕಿಸಿ, ಪಿನ್ನನ್ನು ತಾನೇ ಒತ್ತಿದಳು. ಕೆಲಸಕ್ಕೂ ಮರಳಿದಳು. ಪಾಪ, ಅವನ ಗತಿ ಏನೋ ಎಂದು ಯಾರಾದರೂ ನಿಟ್ಟುಸಿರಿಟ್ಟರೆ ಅವಳು ತಲೆ ಎತ್ತುವುದಿಲ್ಲ. ಮರುಕ ಬರುತ್ತದೇನೋ ಎಂದು ಕೆಲವು ದಿನ ಕಾದು ನೋಡಿದ್ದಳು. ಬರಲಿಲ್ಲ.